ನಿಸ್ತಂತು ಸ್ಥಳೀಯ ಜಾಲ: ಬೆಂಗಳೂರು ಹೊರವಲಯದ ಕೈಗಾರಿಕಾ ಪ್ರದೇಶಗಳ ಹಿನ್ನೆಲೆಯಲ್ಲಿ ಸ್ಥಾಪನೆ ಮತ್ತು ಸಂರಚನೆ

1. ಪೀಠಿಕೆ

ಬೆಂಗಳೂರಿನ ವಾಯವ್ಯಕ್ಕೆ ಪೀಣ್ಯ, ದಕ್ಷಿಣಕ್ಕೆ ಎಲೆಕ್ಟ್ರಾನಿಕ್ ಸಿಟಿ, ಪೂರ್ವಕ್ಕೆ ವೈಟ್‌ಫೀಲ್ಡ್. ಈ ಮೂರು ಪ್ರದೇಶಗಳ ಚರಿತ್ರೆ, ಕಟ್ಟಡಗಳ ಸ್ವರೂಪ, ಅಲ್ಲಿ ದುಡಿಯುವವರ ಕೆಲಸ ಎಲ್ಲವೂ ಬೇರೆ ಬೇರೆ. ಆದರೂ ಇಂದು ಮೂರನ್ನೂ ಸಮಾನವಾಗಿ ಆವರಿಸಿರುವ, ಕಣ್ಣಿಗೆ ಕಾಣದ ಒಂದು ಸೌಕರ್ಯವಿದೆ. ಅದು ನಿಸ್ತಂತು ಸ್ಥಳೀಯ ಜಾಲ. ಜನಬಳಕೆಯ ಮಾತಿನಲ್ಲಿ ವೈ-ಫೈ. ಪೀಣ್ಯದ ಶೆಡ್ಡಿನಲ್ಲಿ ಯಂತ್ರಕ್ಕೆ ಕ್ರಮವಿಧಿಯನ್ನು ರವಾನಿಸುವುದರಿಂದ ಹಿಡಿದು ವೈಟ್‌ಫೀಲ್ಡಿನ ಕಚೇರಿಯಲ್ಲಿ ಸಾಗರದಾಚೆಯವರೊಡನೆ ಸಭೆ ನಡೆಸುವವರೆಗೆ ನಿತ್ಯದ ವ್ಯವಹಾರವು ಈ ಜಾಲವನ್ನು ಅವಲಂಬಿಸಿದೆ.

ಇಂತಹ ಜಾಲದ ಸ್ಥಾಪನೆಯನ್ನು ಗೋಡೆಗೊಂದು ಪೆಟ್ಟಿಗೆ ಜೋಡಿಸಿ ಪಾಸ್‌ವರ್ಡ್ ಕೊಡುವ ಕೆಲಸವೆಂದು ಭಾವಿಸುವುದು ಸಾಮಾನ್ಯ. ಒಂಟಿ ಮನೆಯ ಮಟ್ಟಿಗೆ ಆ ಭಾವನೆ ಸರಿಯಾಗಬಹುದು. ಗೋಡೆಗೆ ಗೋಡೆ ತಾಗಿರುವ ಶೆಡ್ಡುಗಳ ಸಾಲಿನಲ್ಲಿ, ಒಂದೇ ಕಟ್ಟಡದಲ್ಲಿ ಹತ್ತಾರು ಸಂಸ್ಥೆಗಳಿರುವ ಟೆಕ್ ಪಾರ್ಕಿನಲ್ಲಿ ಅದು ಸಾಲದು. ಎಲ್ಲರೂ ಬಳಸುವ ರೇಡಿಯೊ ಪಟ್ಟಿ ಒಂದೇ ಆಗಿದ್ದು, ಒಬ್ಬರ ಸಂರಚನೆಯ ಗುಣದೋಷಗಳು ನೆರೆಯವರನ್ನೂ ತಟ್ಟುತ್ತವೆ. ನಿಸ್ತಂತು ಜಾಲದ ಸಂರಚನೆಯು ಮೂಲತಃ ಒಂದು ಸಾಮುದಾಯಿಕ ಸಂಪತ್ತಿನ ಮಿತಬಳಕೆಯ ವಿದ್ಯೆ ಎಂಬುದನ್ನು ಈ ಮೂರು ಪ್ರದೇಶಗಳ ಹಿನ್ನೆಲೆಯಲ್ಲಿ ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

2. ಹಿನ್ನೆಲೆ

ಈ ಪ್ರದೇಶಗಳಿಗೆ ರೇಡಿಯೊ ತಂತ್ರಜ್ಞಾನ ಹೊಸದಲ್ಲ. ಪೀಣ್ಯಕ್ಕೆ ಹೊಂದಿಕೊಂಡಂತಿರುವ ಜಾಲಹಳ್ಳಿಯಲ್ಲಿ 1954ರಲ್ಲಿ ಸ್ಥಾಪನೆಗೊಂಡ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯು ರಕ್ಷಣಾಪಡೆಗಳಿಗೆ ಬೇಕಾದ ಸಂಪರ್ಕ ಸಾಧನಗಳನ್ನು ತಯಾರಿಸುತ್ತ ಬಂದಿದೆ. ಪೀಣ್ಯ ಕೈಗಾರಿಕಾ ಪ್ರದೇಶವು 1970ರ ದಶಕದಲ್ಲಿ ರೂಪುಗೊಂಡಿತು. ಸಣ್ಣ ಬಿಡಿಭಾಗಗಳ ತಯಾರಿಕೆ, ಲೋಹಲೇಪನ, ಸಿದ್ಧ ಉಡುಪು ಮೊದಲಾದ ಸಾವಿರಾರು ಸಣ್ಣ ಘಟಕಗಳು ಅಲ್ಲಿ ನೆಲೆಯೂರಿದವು. 1976ರಲ್ಲಿ ಆರಂಭವಾದ ಕಿಯೋನಿಕ್ಸ್ ಸಂಸ್ಥೆಯ ಮುಂದಾಳತ್ವ ವಹಿಸಿದ್ದ ಆರ್.ಕೆ. ಬಾಳಿಗರ ದೂರದೃಷ್ಟಿಯಿಂದ ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರು ಗ್ರಾಮಗಳ 332 ಎಕರೆ ಭೂಮಿಯಲ್ಲಿ ಎಲೆಕ್ಟ್ರಾನಿಕ್ ಸಿಟಿ ತಲೆಯೆತ್ತಿತು. 19ನೆಯ ಶತಮಾನದ ಉತ್ತರಾರ್ಧದಲ್ಲಿ ಆಂಗ್ಲೋ-ಇಂಡಿಯನ್ ಸಮುದಾಯದ ಕೃಷಿ ನೆಲೆಯಾಗಿ ಹುಟ್ಟಿದ ವೈಟ್‌ಫೀಲ್ಡ್, 1990ರ ದಶಕದಲ್ಲಿ ಭಾರತ ಮತ್ತು ಸಿಂಗಪುರದ ಸಹಭಾಗಿತ್ವದ ಇಂಟರ್‌ನ್ಯಾಷನಲ್ ಟೆಕ್ ಪಾರ್ಕ್‌ನ ಮೂಲಕ ಮಾಹಿತಿ ತಂತ್ರಜ್ಞಾನದ ಭೂಪಟದಲ್ಲಿ ಸ್ಥಾನ ಪಡೆಯಿತು.

1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆಯು ಬೆಂಗಳೂರಿನಲ್ಲಿ ಕೇಂದ್ರ ತೆರೆದಾಗ ಉಪಗ್ರಹ ಸಂಪರ್ಕವನ್ನು ಅವಲಂಬಿಸಿತು. 1991ರಲ್ಲಿ ರೂಪುಗೊಂಡ ಸಾಫ್ಟ್‌ವೇರ್ ಟೆಕ್ನಾಲಜಿ ಪಾರ್ಕ್ಸ್ ಆಫ್ ಇಂಡಿಯಾ ಸಂಸ್ಥೆಯು ತನ್ನ ಭೂಕೇಂದ್ರದಿಂದ ಬಳಕೆದಾರ ಸಂಸ್ಥೆಗಳ ಕಟ್ಟಡಗಳವರೆಗಿನ ಕೊನೆಯ ಹಂತದ ಸಂಪರ್ಕಕ್ಕೆ ಸೂಕ್ಷ್ಮತರಂಗ ರೇಡಿಯೊ ಕೊಂಡಿಗಳನ್ನು ಬಳಸಿತು. ನೆಲ ಅಗೆದು ತಂತಿ ಹಾಸುವ ಕಾರ್ಯ ನಿಧಾನವಾಗಿದ್ದ ಆ ಕಾಲದಲ್ಲಿ ಈ ಉಪಾಯವು ರಫ್ತು ಉದ್ಯಮದ ಬೆಳವಣಿಗೆಗೆ ನೆರವಾಯಿತು. ಅಂದರೆ, ಬೆಂಗಳೂರಿನ ಸಾಫ್ಟ್‌ವೇರ್ ಉದ್ಯಮದ ಬುನಾದಿಯಲ್ಲೇ ನಿಸ್ತಂತು ಸಂಪರ್ಕವಿದೆ. ಆದರೆ ಆ ಕೊಂಡಿಗಳಿಗೆ ನಿಗದಿತ ಆವೃತ್ತಿ, ನಿಗದಿತ ಬಳಕೆದಾರ, ಸರ್ಕಾರದ ಅನುಮತಿ ಎಲ್ಲವೂ ಇದ್ದವು. ಮುಂದೆ ಬಂದ ನಿಸ್ತಂತು ಸ್ಥಳೀಯ ಜಾಲದ ಸ್ವರೂಪ ಇದಕ್ಕಿಂತ ಭಿನ್ನವಾದುದು.

3. ಪರವಾನಗಿಮುಕ್ತ ಪಟ್ಟಿಗಳು

ಭಾರತದಲ್ಲಿ ರೇಡಿಯೊ ಸಾಧನಗಳ ಬಳಕೆಯು ದೀರ್ಘಕಾಲ 1885ರ ಟೆಲಿಗ್ರಾಫ್ ಅಧಿನಿಯಮ ಮತ್ತು 1933ರ ನಿಸ್ತಂತು ಟೆಲಿಗ್ರಾಫಿ ಅಧಿನಿಯಮಗಳಿಗೆ ಒಳಪಟ್ಟಿತ್ತು. ಇವುಗಳ ಸ್ಥಾನದಲ್ಲಿ ನಿಲ್ಲುವ ಹೊಸ ದೂರಸಂಪರ್ಕ ಅಧಿನಿಯಮವನ್ನು ಸಂಸತ್ತು 2023ರಲ್ಲಿ ಅಂಗೀಕರಿಸಿತು. ನಿಸ್ತಂತು ಸ್ಥಳೀಯ ಜಾಲಗಳ ಮಟ್ಟಿಗೆ ನಿರ್ಣಾಯಕವಾದ ವರ್ಷ 2005. ಆ ವರ್ಷದ ಜನವರಿಯಲ್ಲಿ ಕೇಂದ್ರ ಸರ್ಕಾರವು 2.4 ಗಿಗಾಹರ್ಟ್ಸ್‌ನಿಂದ 2.4835 ಗಿಗಾಹರ್ಟ್ಸ್‌ವರೆಗಿನ ಪಟ್ಟಿಯಲ್ಲಿ ಅಲ್ಪಶಕ್ತಿಯ ಸಾಧನಗಳಿಗೆ ಪರವಾನಗಿಯಿಂದ ವಿನಾಯಿತಿ ನೀಡಿತು. ಪ್ರೇಷಕದ ಶಕ್ತಿ 1 ವ್ಯಾಟ್, ಆಂಟೆನಾದ ಮೂಲಕ ಹೊಮ್ಮುವ ಪರಿಣಾಮಕಾರಿ ಶಕ್ತಿ 4 ವ್ಯಾಟ್ ಮೀರಬಾರದೆಂಬ ಮಿತಿಯನ್ನು ವಿಧಿಸಲಾಯಿತು. 5 ಗಿಗಾಹರ್ಟ್ಸ್ ಪಟ್ಟಿಯ ಕೆಲವು ಭಾಗಗಳಿಗೂ ಆಗಲೇ ಒಳಾಂಗಣ ಬಳಕೆಗೆ ವಿನಾಯಿತಿ ದೊರೆಯಿತು. 2018ರ ಅಕ್ಟೋಬರಿನ ಅಧಿಸೂಚನೆಯು 5150ರಿಂದ 5350, 5470ರಿಂದ 5725 ಹಾಗೂ 5725ರಿಂದ 5875 ಮೆಗಾಹರ್ಟ್ಸ್‌ವರೆಗಿನ ವಿಸ್ತಾರವಾದ ಪಟ್ಟಿಗಳನ್ನು ಮುಕ್ತಗೊಳಿಸಿತು. 6 ಗಿಗಾಹರ್ಟ್ಸ್ ಪಟ್ಟಿಯ ಕೆಳಭಾಗವನ್ನು ಕುರಿತ ಕರಡು ನಿಯಮಗಳು 2025ರ ಮೇ ತಿಂಗಳಲ್ಲಿ ಪ್ರಕಟವಾದವು.

ಈ ವಿನಾಯಿತಿಯೊಡನೆ ಮೂರು ಷರತ್ತುಗಳಿರುವುದು ಗಮನಾರ್ಹ. ಪಟ್ಟಿಯು ಹಂಚಿಕೆಯ ಬಳಕೆಗಾಗಿಯೇ ಹೊರತು ಯಾರೊಬ್ಬರ ಸ್ವತ್ತಲ್ಲ. ಬಳಕೆದಾರನು ಪರವಾನಗಿ ಪಡೆದವರಿಗೆ ಅಡಚಣೆ ಉಂಟುಮಾಡಬಾರದು. ತನಗೆ ಇತರರಿಂದ ಅಡಚಣೆಯಾದರೆ ರಕ್ಷಣೆ ಕೋರುವಂತಿಲ್ಲ. ಹಳೆಯ ಮೈಸೂರು ಸೀಮೆಯ ಗ್ರಾಮಗಳ ಗೋಮಾಳವನ್ನು ಇದು ಹೋಲುತ್ತದೆ. ಯಾರ ದನವಾದರೂ ಮೇಯಬಹುದು. ಮೇವು ಸಾಲದಾದರೆ ದೂರು ಕೊಡಲು ಯಾರ ಹೆಸರಿನಲ್ಲೂ ಪಹಣಿಯಿಲ್ಲ. ಕೆರೆಯ ನೀರಿಗಾದರೆ ತೂಬು ತೆರೆದು ಸರದಿಯಂತೆ ನೀರು ಬಿಡುವ ನೀರುಗಂಟಿ ಇರುತ್ತಿದ್ದನು. ಪರವಾನಗಿಮುಕ್ತ ಪಟ್ಟಿಗೆ ಅಂತಹ ಹೊರಗಿನ ನಿಯಂತ್ರಕನಿಲ್ಲ. ಸರದಿಯ ನಿಯಮವನ್ನು ಸಾಧನಗಳ ಒಳಗೇ ಅಳವಡಿಸಲಾಗಿದೆ. ಉಳಿದ ಶಿಸ್ತನ್ನು ಸಂರಚಿಸುವವನೇ ಪಾಲಿಸಬೇಕಾಗುತ್ತದೆ.

4. ಜಾಲದ ಅಂಗಗಳು ಮತ್ತು ಕಾರ್ಯವಿಧಾನ

ನಿಸ್ತಂತು ಸ್ಥಳೀಯ ಜಾಲಕ್ಕೆ ಆಧಾರವಾದ ಐ.ಇ.ಇ.ಇ. 802.11 ಮಾನಕವು 1997ರಲ್ಲಿ ಪ್ರಕಟವಾಯಿತು. ಆಗಿನ ಗರಿಷ್ಠ ವೇಗ ಸೆಕೆಂಡಿಗೆ 2 ಮೆಗಾಬಿಟ್. 1999ರಲ್ಲಿ ಅದು 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ 11 ಮೆಗಾಬಿಟ್‌ಗೂ 5 ಗಿಗಾಹರ್ಟ್ಸ್ ಪಟ್ಟಿಯಲ್ಲಿ 54 ಮೆಗಾಬಿಟ್‌ಗೂ ಏರಿತು. 2009ರ ‘ಎನ್’, 2013ರ ‘ಎಸಿ’, 2021ರ ‘ಎಎಕ್ಸ್’ ಪರಿಷ್ಕರಣಗಳು ಈ ವೇಗವನ್ನು ಬಹುಪಟ್ಟು ಹೆಚ್ಚಿಸಿವೆ.

ಜಾಲದ ಮುಖ್ಯ ಅಂಗಗಳು ಮೂರು. ಹೊರಗಿನ ಅಂತರಜಾಲಕ್ಕೆ ಹೆಬ್ಬಾಗಿಲಾದ ರೂಟರ್. ತಂತಿಗಳನ್ನು ಒಂದೆಡೆ ಕೂಡಿಸುವ ಸ್ವಿಚ್. ರೇಡಿಯೊ ತರಂಗಗಳ ಮೂಲಕ ಬಳಕೆದಾರರ ಸಾಧನಗಳೊಡನೆ ವ್ಯವಹರಿಸುವ ಆಕ್ಸೆಸ್ ಪಾಯಿಂಟ್. ಮನೆಗಳಲ್ಲಿ ಮೂರೂ ಒಂದೇ ಪೆಟ್ಟಿಗೆಯಲ್ಲಿರುತ್ತವೆ. ಕಾರ್ಖಾನೆ ಮತ್ತು ಕಚೇರಿಗಳಲ್ಲಿ ಬೇರೆ ಬೇರೆಯಾಗಿರುತ್ತವೆ. ಸ್ವಿಚ್ಚಿನಿಂದ ಆಕ್ಸೆಸ್ ಪಾಯಿಂಟ್‌ವರೆಗಿನ ತಾಮ್ರದ ತಂತಿ 100 ಮೀಟರ್ ಮೀರಬಾರದು. ಅದೇ ತಂತಿಯಲ್ಲಿ ವಿದ್ಯುತ್ತನ್ನೂ ಹರಿಸುವ ವ್ಯವಸ್ಥೆಗೆ 2003ರಲ್ಲಿ ಮಾನಕ ರೂಪುಗೊಂಡಿತು. ವಿದ್ಯುತ್ ಕಡಿತವಾದಾಗ ಸ್ವಿಚ್ಚಿಗೆ ಒಂದು ಯು.ಪಿ.ಎಸ್. ಇದ್ದರೆ ಇಡೀ ಜಾಲ ಉಳಿಯುತ್ತದೆ ಎಂಬುದು ಇದರ ಪ್ರಯೋಜನ. ಜನರೇಟರ್ ಚಾಲನೆಗೊಳ್ಳುವವರೆಗಿನ ಕೆಲವು ಸೆಕೆಂಡುಗಳಲ್ಲಿ ಜಾಲ ಕಡಿದುಹೋಗಿ, ಯಂತ್ರಕ್ಕೆ ಹೋಗುತ್ತಿದ್ದ ದತ್ತಾಂಶ ಅರ್ಧಕ್ಕೆ ನಿಲ್ಲುವ ತೊಂದರೆಯನ್ನು ಇದರಿಂದ ತಪ್ಪಿಸಬಹುದು.

ಒಂದು ಚಾನೆಲ್‌ನಲ್ಲಿ ಒಮ್ಮೆಗೆ ಒಂದೇ ಸಾಧನ ಮಾತನಾಡಬೇಕು ಎಂಬುದು ಈ ಜಾಲದ ಮೂಲ ನಿಯಮ. ಪ್ರತಿ ಸಾಧನವೂ ಮೊದಲು ಆಲಿಸುತ್ತದೆ; ಮೌನವಿದ್ದರೆ ಅನಿಯತ ಅವಧಿಯೊಂದನ್ನು ಎಣಿಸಿ ಆನಂತರ ಪ್ರಸಾರ ಮಾಡುತ್ತದೆ; ತಲುಪಿದ್ದಕ್ಕೆ ಸ್ವೀಕೃತಿ ಬಾರದಿದ್ದರೆ ಮತ್ತೆ ಪ್ರಯತ್ನಿಸುತ್ತದೆ. ಇತ್ತೀಚಿನ ಪರಿಷ್ಕರಣಗಳು ಒಂದೇ ಸರದಿಯನ್ನು ಹಲವು ಸಾಧನಗಳಿಗೆ ಹಂಚುವ ಉಪಾಯಗಳನ್ನು ತಂದಿದ್ದರೂ ಆಲಿಸಿ ಮಾತನಾಡುವ ಈ ನಡೆ ಬದಲಾಗಿಲ್ಲ. ನೆರೆಯ ಜಾಲವು ಅದೇ ಚಾನೆಲ್‌ನಲ್ಲಿದ್ದರೆ ಅದರ ಮಾತು ಮುಗಿಯುವವರೆಗೂ ಕಾಯಬೇಕು. ಆದುದರಿಂದ ಇಲ್ಲಿ ನಿಜವಾಗಿ ಹಂಚಿಕೆಯಾಗುವ ವಸ್ತು ಪ್ರಸಾರದ ಕಾಲಾವಕಾಶ. 1500 ಬೈಟ್‌ಗಳ ಒಂದು ಕಟ್ಟನ್ನು 54 ಮೆಗಾಬಿಟ್ ವೇಗದಲ್ಲಿ ಕಳುಹಿಸಲು ಸುಮಾರು ಕಾಲು ಮಿಲಿಸೆಕೆಂಡು ಸಾಕು. 1 ಮೆಗಾಬಿಟ್ ವೇಗದಲ್ಲಿ ಅದಕ್ಕೇ 12 ಮಿಲಿಸೆಕೆಂಡು ಬೇಕು. ದೂರದ ಮೂಲೆಯಲ್ಲಿ ಕ್ಷೀಣ ಸಂಕೇತದಿಂದ ನಿಧಾನವಾಗಿ ಮಾತನಾಡುವ ಒಂದೇ ಹಳೆಯ ಸಾಧನವು ಸುತ್ತಲಿನ ಎಲ್ಲರ ಪಾಲಿನ ಕಾಲವನ್ನು ತಿಂದುಹಾಕಬಲ್ಲದು.

5. ಸ್ಥಳ ಸಮೀಕ್ಷೆ

ಸಾಧನಗಳನ್ನು ಕೊಳ್ಳುವ ಮೊದಲು ಸ್ಥಳದ ಸಮೀಕ್ಷೆ ಅಗತ್ಯ. ನಕ್ಷೆಯನ್ನು ಹಿಡಿದು ಕಟ್ಟಡದಲ್ಲಿ ನಡೆದಾಡುತ್ತ, ನೆರೆಯ ಜಾಲಗಳು ಯಾವ ಚಾನೆಲ್‌ಗಳಲ್ಲಿ ಎಷ್ಟು ಪ್ರಬಲವಾಗಿವೆ ಎಂಬುದನ್ನು ಲ್ಯಾಪ್‌ಟಾಪ್ ಅಥವಾ ಮೊಬೈಲಿನ ತಂತ್ರಾಂಶದಿಂದ ಗುರುತು ಹಾಕಿಕೊಳ್ಳಬೇಕು. ತಾತ್ಕಾಲಿಕವಾಗಿ ಒಂದು ಆಕ್ಸೆಸ್ ಪಾಯಿಂಟನ್ನು ಉದ್ದೇಶಿತ ಜಾಗದಲ್ಲಿಟ್ಟು ಅದರ ಸಂಕೇತ ಎಲ್ಲೆಲ್ಲಿ ತಲುಪುತ್ತದೆಂದು ಅಳೆಯಬೇಕು. ಬಯಲಿನಲ್ಲಿ ದೂರ ಇಮ್ಮಡಿಯಾದರೆ ಶಕ್ತಿ ಕಾಲುಭಾಗಕ್ಕೆ ಇಳಿಯುತ್ತದೆ. ಕಟ್ಟಡದೊಳಗಿನ ಇಳಿಕೆ ಗೋಡೆ, ಸೂರು, ಸರಕುಗಳನ್ನು ಅವಲಂಬಿಸಿರುತ್ತದೆ.

ಪೀಣ್ಯದ ಶೆಡ್ಡುಗಳಲ್ಲಿ ಮುಖ್ಯ ಸಮಸ್ಯೆ ಲೋಹದ್ದು. ಬೆಸುಗೆ ಯಂತ್ರಗಳ ಕಿಡಿಯಿಂದ ವೈ-ಫೈ ಕೆಡುತ್ತದೆಂಬ ನಂಬಿಕೆ ವ್ಯಾಪಕವಾಗಿದ್ದರೂ ಅವುಗಳ ವಿದ್ಯುತ್ ಗದ್ದಲದ ಬಹುಪಾಲು ಬಹಳ ಕೆಳಗಿನ ಆವೃತ್ತಿಗಳಲ್ಲಿರುತ್ತದೆ. ಹೆಚ್ಚಿನ ತೊಡಕು ಬರುವುದು ತಗಡಿನ ಸೂರು, ಯಂತ್ರಗಳ ಒಡಲು, ಕಬ್ಬಿಣದ ಕಪಾಟುಗಳಿಂದ. 2.4 ಗಿಗಾಹರ್ಟ್ಸ್ ತರಂಗದ ಉದ್ದ ಸುಮಾರು 12 ಸೆಂಟಿಮೀಟರ್; ಅದಕ್ಕಿಂತ ದೊಡ್ಡದಾದ ಲೋಹದ ಹಲಗೆ ಅದಕ್ಕೆ ಕನ್ನಡಿಯಂತೆ. ತರಂಗಗಳು ಹಲವು ಹಾದಿಗಳಲ್ಲಿ ಪ್ರತಿಫಲಿಸಿ ಬಂದು, ಒಂದೆಡೆ ಬಲಗೊಂಡು ಗೇಣುದ್ದದಾಚೆ ಕ್ಷೀಣಿಸುತ್ತವೆ. ಮೇಲಿನ ಕ್ರೇನ್ ಸರಿದಾಗ, ಕಚ್ಚಾ ಸರಕಿನ ರಾಶಿ ಬೆಳೆದಾಗ ಈ ಚಿತ್ರ ಬದಲಾಗುತ್ತದೆ. ಆದ್ದರಿಂದ ಶೆಡ್ ಖಾಲಿಯಿರುವ ಭಾನುವಾರದ ಸಮೀಕ್ಷೆಯನ್ನು ನೆಚ್ಚುವಂತಿಲ್ಲ. ಕೆಲಸ ನಡೆಯುವ ಪಾಳಿಯಲ್ಲಿಯೇ ಅಳೆಯಬೇಕು. ಎರಡು ಸಾಧನಗಳ ನಡುವೆ ದೊಡ್ಡ ಪ್ರೆಸ್ ಯಂತ್ರ ನಿಂತಿದ್ದರೆ ಅವು ಒಂದನ್ನೊಂದು ಆಲಿಸಲಾರದೆ ಏಕಕಾಲಕ್ಕೆ ಮಾತನಾಡಿ, ಎರಡರ ಸಂದೇಶವೂ ಕೆಡುವ ಸಂಭವವಿದೆ. ಸೂರಿನಡಿ ಅತಿ ಎತ್ತರದಲ್ಲಿ ಒಂದು ಪ್ರಬಲ ಆಕ್ಸೆಸ್ ಪಾಯಿಂಟ್ ಇಡುವುದಕ್ಕಿಂತ, ಕಂಬಗಳ ಮೇಲೆ ಕೆಳಮುಖದ ಆಂಟೆನಾ ಇರುವ, ಕಡಿಮೆ ಶಕ್ತಿಯ ಕೆಲವನ್ನು ಹರಡುವುದು ಲೇಸು.

ಎಲೆಕ್ಟ್ರಾನಿಕ್ ಸಿಟಿಯ ಆವರಣಗಳಲ್ಲಿ ಕಟ್ಟಡಗಳು ದೂರದೂರವಿದ್ದು ಅವುಗಳನ್ನು ಜೋಡಿಸುವ ಪ್ರಶ್ನೆ ಮುಖ್ಯವಾಗುತ್ತದೆ. ಕಟ್ಟಡದಿಂದ ಕಟ್ಟಡಕ್ಕೆ ತಾಮ್ರದ ತಂತಿ ಎಳೆದರೆ ಏಪ್ರಿಲ್–ಮೇ ತಿಂಗಳ ಗುಡುಗುಮಳೆಯ ಸಿಡಿಲು ಎರಡೂ ಬದಿಯ ಸಾಧನಗಳನ್ನು ಸುಡುವ ಅಪಾಯವಿದೆ. ಅಂತಹ ಕಡೆ ಆಪ್ಟಿಕಲ್ ಫೈಬರ್ ಅಥವಾ ನೇರ ದಿಕ್ಕಿನ ರೇಡಿಯೊ ಕೊಂಡಿ ಸೂಕ್ತ. ಮಾಳಿಗೆಯ ಮೇಲಿನ ಆಂಟೆನಾಕ್ಕೆ ಭೂಸಂಪರ್ಕ ಕಡ್ಡಾಯವೆಂದೇ ತಿಳಿಯಬೇಕು.

ವೈಟ್‌ಫೀಲ್ಡಿನ ಬಹುಮಹಡಿ ಕಟ್ಟಡಗಳ ಸಮಸ್ಯೆ ಸಾಂದ್ರತೆಯದು. ಬಿಸಿಲಿನ ತಾಪ ತಡೆಯಲು ಗಾಜಿಗೆ ಬಳಿದ ತೆಳುವಾದ ಲೋಹಲೇಪ ರೇಡಿಯೊ ತರಂಗಗಳನ್ನೂ ತಡೆಯುವುದರಿಂದ ಎದುರು ಕಟ್ಟಡದ ಜಾಲ ಒಳಗೆ ಬರುವುದು ಕಡಿಮೆ. ಆದರೆ ಮೇಲಿನ ಹಾಗೂ ಕೆಳಗಿನ ಮಹಡಿಯ ಬಾಡಿಗೆದಾರರ ಜಾಲಗಳು, ನೂರಾರು ನೌಕರರ ಜೇಬಿನ ಮೊಬೈಲುಗಳು ಒಂದೇ ಅವಕಾಶಕ್ಕಾಗಿ ಸ್ಪರ್ಧಿಸುತ್ತವೆ. ಇಲ್ಲಿ ಸಂಕೇತ ತಲುಪುವುದೇ ಎಂಬುದಕ್ಕಿಂತ ಎಷ್ಟು ಮಂದಿಗೆ ಸಾಲುವುದು ಎಂಬ ಲೆಕ್ಕದಿಂದ ಆಕ್ಸೆಸ್ ಪಾಯಿಂಟ್‌ಗಳ ಸಂಖ್ಯೆಯನ್ನು ನಿರ್ಧರಿಸಬೇಕು.

6. ಸಂರಚನೆ

ಮೊದಲ ಹೆಜ್ಜೆ ಚಾನೆಲ್ ಆಯ್ಕೆ. 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ 13 ಚಾನೆಲ್‌ಗಳಿದ್ದರೂ ಅವುಗಳ ಕೇಂದ್ರಗಳ ಅಂತರ ಕೇವಲ 5 ಮೆಗಾಹರ್ಟ್ಸ್. ಪ್ರತಿಯೊಂದರ ಅಗಲವಾದರೋ ಸುಮಾರು 20 ಮೆಗಾಹರ್ಟ್ಸ್. ಆದುದರಿಂದ ಒಂದರ ಮೇಲೊಂದು ಹಾಯದೆ ಉಳಿಯುವವು 1, 6 ಮತ್ತು 11 ಮಾತ್ರ. ಜಾಣತನವೆಂದು 3 ಅಥವಾ 4ನ್ನು ಆರಿಸಿದರೆ ಎರಡೂ ಬದಿಯ ನೆರೆಯವರಿಗೆ ಗದ್ದಲವಾಗುತ್ತದೆ. ಆ ಗದ್ದಲವು ಅರ್ಥವಾಗುವ ಮಾತಲ್ಲದ ಕಾರಣ ಸರದಿಯ ನಿಯಮವೂ ಸರಿಯಾಗಿ ಕೆಲಸ ಮಾಡದು. 5 ಗಿಗಾಹರ್ಟ್ಸ್ ಪಟ್ಟಿಯಲ್ಲಿ 20 ಮೆಗಾಹರ್ಟ್ಸ್ ಅಗಲದ ಇಪ್ಪತ್ತಕ್ಕೂ ಹೆಚ್ಚು ಚಾನೆಲ್‌ಗಳು ಲಭ್ಯ. ಹೆಚ್ಚು ವೇಗದ ಆಸೆಯಿಂದ 80 ಮೆಗಾಹರ್ಟ್ಸ್ ಅಗಲವನ್ನು ಆರಿಸಿದರೆ ನಾಲ್ವರ ಪಾಲನ್ನು ಒಬ್ಬರೇ ಹಿಡಿದಂತಾಗುತ್ತದೆ. ದಟ್ಟಣೆಯ ಕಟ್ಟಡಗಳಲ್ಲಿ 20 ಅಥವಾ 40 ಮೆಗಾಹರ್ಟ್ಸ್ ಸಾಕು. ಈ ಪಟ್ಟಿಯ ನಡುವಣ ಚಾನೆಲ್‌ಗಳಲ್ಲಿ ಸಾಧನಗಳು ರಾಡಾರಿನ ಸಂಕೇತಕ್ಕಾಗಿ ಆಲಿಸಿ, ಕಂಡುಬಂದರೆ ತೆರವು ಮಾಡುವ ವ್ಯವಸ್ಥೆಯಿರುತ್ತದೆ. ಪದೇ ಪದೇ ಸಂಪರ್ಕ ಕಡಿಯುವ ಕಡೆ ಸಾಧನದ ದಾಖಲೆಯನ್ನು ನೋಡಿ, ಕಾರಣ ಇದೇ ಆಗಿದ್ದರೆ ಬೇರೆ ಚಾನೆಲ್ ಆರಿಸಬೇಕು.

ಎರಡನೆಯದು ಶಕ್ತಿ. ಆಕ್ಸೆಸ್ ಪಾಯಿಂಟಿನ ಶಕ್ತಿಯನ್ನು ಗರಿಷ್ಠಕ್ಕೆ ಏರಿಸುವುದು ಸಾಮಾನ್ಯ ಪ್ರವೃತ್ತಿ. ಆದರೆ ಮೊಬೈಲ್ ಅಥವಾ ಬಾರ್‌ಕೋಡ್ ಓದುವ ಕೈಯಂತ್ರದ ಪ್ರಸಾರಶಕ್ತಿ ಅಲ್ಪ. ಆಕ್ಸೆಸ್ ಪಾಯಿಂಟಿನ ಮಾತು ಅದಕ್ಕೆ ಕೇಳಿಸಿದರೂ ಅದರ ಮಾತು ಮರಳಿ ತಲುಪುವುದಿಲ್ಲ. ಮೇಲಾಗಿ ಆ ಕೈಯಂತ್ರವು ಹತ್ತಿರದ ಆಕ್ಸೆಸ್ ಪಾಯಿಂಟನ್ನು ಬಿಟ್ಟು ದೂರದ ಪ್ರಬಲ ಸಂಕೇತಕ್ಕೇ ಅಂಟಿಕೊಳ್ಳುತ್ತದೆ. ಎರಡೂ ಬದಿಯ ಶಕ್ತಿ ಸಮೀಪವಾಗುವಂತೆ ಇಳಿಸುವುದು ತಮಗೂ ನೆರೆಯವರಿಗೂ ಹಿತ. ಸಾಧನದಲ್ಲಿ ದೇಶದ ಆಯ್ಕೆಯನ್ನು ‘ಭಾರತ’ ಎಂದೇ ಇಡಬೇಕು. ಕಾನೂನಿನ ಮಿತಿಗಳು ಆ ಆಯ್ಕೆಯ ಮೂಲಕವೇ ಜಾರಿಗೊಳ್ಳುತ್ತವೆ.

ಮೂರನೆಯದು ಜಾಲದ ಹೆಸರುಗಳ ಸಂಖ್ಯೆ. ಪ್ರತಿ ಹೆಸರನ್ನೂ ಆಕ್ಸೆಸ್ ಪಾಯಿಂಟ್ ಸೆಕೆಂಡಿಗೆ ಸುಮಾರು ಹತ್ತು ಬಾರಿ ಸಾರುತ್ತದೆ. ಈ ಸಾರಿಕೆ 1 ಮೆಗಾಬಿಟ್ ವೇಗದಲ್ಲಿದ್ದರೆ ಒಂದು ಹೆಸರಿಗೆ ಪ್ರಸಾರಕಾಲದ ನೂರಕ್ಕೆ ಎರಡರಷ್ಟು ವ್ಯಯವಾಗುತ್ತದೆ. ವಿಭಾಗಕ್ಕೊಂದರಂತೆ ಎಂಟು ಹೆಸರುಗಳನ್ನಿಟ್ಟರೆ ಯಾರೂ ಬಳಸದಿದ್ದರೂ ಆರನೆಯ ಒಂದು ಭಾಗ ಕಳೆದುಹೋಗುತ್ತದೆ. ನೌಕರರು, ಯಂತ್ರಗಳು, ಅತಿಥಿಗಳು ಎಂಬ ಮೂರು ವಿಭಾಗ ಸಾಕು. ಹಳೆಯ ಸಾಧನಗಳಿಲ್ಲದ ಕಡೆ 1 ಮತ್ತು 2 ಮೆಗಾಬಿಟ್ ವೇಗಗಳನ್ನು ಮುಚ್ಚಿದರೆ ಈ ವೆಚ್ಚ ಇನ್ನಷ್ಟು ತಗ್ಗುತ್ತದೆ.

ನಾಲ್ಕನೆಯದು ವಿಳಾಸ ವಿತರಣೆ. ಸಾಮಾನ್ಯವಾಗಿ ಬಳಸುವ 192.168ರ ಸರಣಿಯ ಒಂದು ಉಪಜಾಲದಲ್ಲಿ 254 ವಿಳಾಸಗಳಿರುತ್ತವೆ. ಪಾಳಿಗೆ 150 ಜನರಂತೆ ಮೂರು ಪಾಳಿ ನಡೆಯುವ ಕಾರ್ಖಾನೆಯೊಂದನ್ನು ಊಹಿಸಿದರೆ, ಯಾವುದೇ ಕ್ಷಣದಲ್ಲಿ ವಿಳಾಸಗಳು ಸಾಕೆಂದು ತೋರುತ್ತದೆ. ಆದರೆ ವಿಳಾಸದ ಗುತ್ತಿಗೆಯ ಅವಧಿ 24 ಗಂಟೆಯೆಂದಿದ್ದರೆ ಮನೆಗೆ ಹೋದ ಮೊದಲ ಪಾಳಿಯವರ ವಿಳಾಸಗಳು ಬಿಡುಗಡೆಯಾಗದೆ, ಎರಡನೆಯ ಪಾಳಿಯ ಕೊನೆಯಲ್ಲಿ ಬಂದವರಿಗೆ ಪ್ರವೇಶ ದೊರೆಯದು. ಸಂಕೇತ ಪೂರ್ಣವಾಗಿ ಕಾಣುತ್ತಿದ್ದರೂ ಜಾಲ ಕೆಲಸ ಮಾಡದಿರುವ ಪ್ರಸಂಗಗಳಲ್ಲಿ ಇದೂ ಒಂದು ಕಾರಣ. ಅವಧಿಯನ್ನು ಒಂದೆರಡು ಗಂಟೆಗೆ ಇಳಿಸುವುದು ಅಥವಾ ಉಪಜಾಲವನ್ನು ಹಿಗ್ಗಿಸುವುದು ಪರಿಹಾರ. ಯಂತ್ರಗಳಿಗೆ ಮಾತ್ರ ಬದಲಾಗದ ವಿಳಾಸಗಳನ್ನು ಕಾಯ್ದಿರಿಸಬೇಕು.

7. ಭದ್ರತೆ

ರೇಡಿಯೊ ತರಂಗ ಆವರಣದ ಗೋಡೆಗೆ ನಿಲ್ಲುವುದಿಲ್ಲ. ರಸ್ತೆಯಲ್ಲಿ ನಿಂತವನಿಗೂ ಅದು ಲಭ್ಯ. 1997ರ ಮಾನಕದ ಜೊತೆ ಬಂದ ‘ವೆಪ್’ ಗೂಢಲಿಪೀಕರಣವನ್ನು ಭೇದಿಸುವ ವಿಧಾನವನ್ನು ಫ್ಲೂರರ್, ಮ್ಯಾಂಟಿನ್ ಮತ್ತು ಶಮೀರ್ ಎಂಬ ಸಂಶೋಧಕರು 2001ರಲ್ಲಿ ಪ್ರಕಟಿಸಿದರು. ಅದರ ಸ್ಥಾನದಲ್ಲಿ 2003ರಲ್ಲಿ ಡಬ್ಲ್ಯು.ಪಿ.ಎ., 2004ರಲ್ಲಿ ಡಬ್ಲ್ಯು.ಪಿ.ಎ.2, 2018ರಲ್ಲಿ ಡಬ್ಲ್ಯು.ಪಿ.ಎ.3 ಬಂದವು. ಈಗ ಮೊದಲಿನ ಎರಡನ್ನೂ ಬಳಸಬಾರದು. ಹಳೆಯ ಯಂತ್ರವೊಂದಕ್ಕೆ ‘ವೆಪ್’ ಮಾತ್ರ ತಿಳಿದಿದ್ದರೆ ಇಡೀ ಜಾಲವನ್ನು ಆ ಮಟ್ಟಕ್ಕೆ ಇಳಿಸದೆ ಆ ಯಂತ್ರಕ್ಕೆ ತಂತಿಯನ್ನೇ ಎಳೆಯುವುದು ಉಚಿತ.

ಭದ್ರತೆಯಿಲ್ಲದ ಜಾಲದ ಹೊಣೆ ಎಷ್ಟು ಭಾರವೆಂಬುದು 2008ರಲ್ಲಿ ದೇಶಕ್ಕೆ ಮನವರಿಕೆಯಾಯಿತು. ಆ ವರ್ಷದ ಜುಲೈ 26ರ ಅಹಮದಾಬಾದ್ ಸ್ಫೋಟಗಳ ಸಂದರ್ಭದ ಬೆದರಿಕೆಯ ಮಿಂಚಂಚೆಯನ್ನು ನವಿ ಮುಂಬಯಿಯ ಮನೆಯೊಂದರ ಕಾವಲಿಲ್ಲದ ವೈ-ಫೈ ಮೂಲಕ ಕಳುಹಿಸಲಾಗಿತ್ತು. ಅದರ ಹಿಂದಿನ ದಿನವಷ್ಟೇ ಬೆಂಗಳೂರಿನಲ್ಲೂ ಸರಣಿ ಸ್ಫೋಟಗಳು ಸಂಭವಿಸಿದ್ದವು. 2009ರ ಫೆಬ್ರವರಿಯಲ್ಲಿ ದೂರಸಂಪರ್ಕ ಇಲಾಖೆಯು ವೈ-ಫೈ ಜಾಲಗಳ ಸುರಕ್ಷಿತ ಬಳಕೆಯನ್ನು ಕುರಿತು ಅಂತರಜಾಲ ಸೇವಾದಾರರಿಗೆ ಸೂಚನೆಗಳನ್ನು ನೀಡಿತು. ಬಳಕೆದಾರನ ಗುರುತನ್ನು ದೃಢಪಡಿಸುವುದು ಅವುಗಳ ತಿರುಳು.

ಸಣ್ಣ ಘಟಕಗಳಲ್ಲಿ ಒಂದೇ ಪಾಸ್‌ವರ್ಡನ್ನು ಎಲ್ಲರಿಗೂ ಕೊಡುವ ರೂಢಿಯಿದೆ. ಗುತ್ತಿಗೆ ಕಾರ್ಮಿಕರು ಬದಲಾಗುತ್ತಲೇ ಇರುವ ಕಡೆ ಅದು ಬಹುಬೇಗ ಊರಿಗೆಲ್ಲ ತಿಳಿಯುತ್ತದೆ. ಪ್ರತಿಯೊಬ್ಬರಿಗೂ ಪ್ರತ್ಯೇಕ ಗುರುತನ್ನು ನೀಡಿ ಕೇಂದ್ರೀಯ ಸರ್ವರ್ ಮೂಲಕ ಪರಿಶೀಲಿಸುವ 802.1ಎಕ್ಸ್ ಪದ್ಧತಿ ದೊಡ್ಡ ಸಂಸ್ಥೆಗಳಲ್ಲಿ ಪ್ರಚಲಿತವಾಗಿದೆ. ಕೆಲಸ ಬಿಟ್ಟವರ ಪ್ರವೇಶವನ್ನು ಉಳಿದವರಿಗೆ ತೊಂದರೆಯಾಗದಂತೆ ರದ್ದುಪಡಿಸಬಹುದೆಂಬುದು ಇದರ ಮುಖ್ಯ ಗುಣ. ಇಷ್ಟು ವ್ಯವಸ್ಥೆ ಸಾಧ್ಯವಾಗದ ಪೀಣ್ಯದ ಕಿರುಘಟಕವೂ ಐದು ಕ್ರಮಗಳನ್ನು ಕೈಗೊಳ್ಳಬಹುದು: ಸಾಧನದೊಡನೆ ಬಂದ ಆಡಳಿತದ ಪಾಸ್‌ವರ್ಡನ್ನು ಬದಲಿಸುವುದು, ಗುಂಡಿ ಒತ್ತಿ ಸೇರುವ ‘ಡಬ್ಲ್ಯು.ಪಿ.ಎಸ್.’ ಸೌಲಭ್ಯವನ್ನು ಮುಚ್ಚುವುದು. ಅತಿಥಿಗಳ ಜಾಲವನ್ನು ಯಂತ್ರಗಳ ಜಾಲದಿಂದ ಪ್ರತ್ಯೇಕಿಸುವುದು. ತಯಾರಕರು ಹೊರಡಿಸುವ ತಂತ್ರಾಂಶದ ತಿದ್ದುಪಡಿಗಳನ್ನು ಅಳವಡಿಸುವುದು. ಸಂರಚನೆಯ ವಿವರಗಳನ್ನು ಬರೆದಿಡುವುದು. ಜಾಲವನ್ನು ಹೊಂದಿಸಿದ ವ್ಯಕ್ತಿ ಬೇರೆಡೆಗೆ ಹೋದಾಗ ಬರಹದ ದಾಖಲೆಯಿಲ್ಲದೆ ಎಲ್ಲವನ್ನೂ ಅಳಿಸಿ ಮೊದಲಿನಿಂದ ಆರಂಭಿಸಬೇಕಾದೀತು. ಕೊನೆಯ ಕ್ರಮದ ಮಹತ್ತ್ವ ಆಗ ತಿಳಿಯುತ್ತದೆ.

8. ಉಪಸಂಹಾರ

ಸೂಕ್ತ ಚಾನೆಲ್, ಮಿತವಾದ ಶಕ್ತಿ, ಅಗತ್ಯವಿರುವಷ್ಟೇ ಅಗಲ, ಕೆಲವೇ ಹೆಸರುಗಳು, ಬಿಗಿಯಾದ ಭದ್ರತೆ ಇವೇ ಉತ್ತಮ ಸಂರಚನೆಯ ಲಕ್ಷಣಗಳು. ಇವುಗಳಲ್ಲಿ ಹೆಚ್ಚಿನವು ಮಿತವ್ಯಯದ ನಿಯಮಗಳೆಂಬುದು ಸ್ಪಷ್ಟ. ಒಂದು ಶೆಡ್ಡಿನವರು ಮಾತ್ರ ಇವನ್ನು ಪಾಲಿಸಿದರೆ ಲಾಭ ಅಲ್ಪ. ಸಾಲಿನವರೆಲ್ಲ ಪಾಲಿಸಿದರೆ ಯಾರೂ ಹೊಸ ಸಾಧನ ಕೊಳ್ಳದೆಯೇ ಎಲ್ಲರ ಜಾಲವೂ ಸುಧಾರಿಸುತ್ತದೆ. ಎಲೆಕ್ಟ್ರಾನಿಕ್ ಸಿಟಿಯಲ್ಲಿ 2013ರಿಂದ ಪ್ರತ್ಯೇಕ ಕೈಗಾರಿಕಾ ಟೌನ್‌ಶಿಪ್ ಪ್ರಾಧಿಕಾರವಿದೆ. ಪೀಣ್ಯದಲ್ಲಿ ಕೈಗಾರಿಕೋದ್ಯಮಿಗಳ ಸಂಘವಿದೆ. ರಸ್ತೆ, ಚರಂಡಿ, ಬೀದಿದೀಪಗಳನ್ನು ಕುರಿತು ಚರ್ಚಿಸುವ ಇಂತಹ ವೇದಿಕೆಗಳು ಚಾನೆಲ್‌ಗಳ ಹಂಚಿಕೆಯನ್ನೂ ತಮ್ಮ ಕಾರ್ಯಸೂಚಿಗೆ ಸೇರಿಸಿಕೊಳ್ಳಬಹುದು. ಒಂದು ಬೀದಿಯ ಘಟಕಗಳು 1, 6, 11ನ್ನು ಸರದಿಯಂತೆ ಹಂಚಿಕೊಳ್ಳಲು ಒಂದು ಹಾಳೆಯ ನಕ್ಷೆ ಸಾಕು. ಒಂದು ಕಾಲಕ್ಕೆ ಈ ನೆಲದಲ್ಲಿಯೇ ಕೆರೆಯ ನೀರನ್ನು ತೂಬಿನಿಂದ ಅಳೆದು ಹಂಚಿಕೊಳ್ಳುತ್ತಿದ್ದ ಗ್ರಾಮಗಳಿದ್ದವು. ಆ ಗ್ರಾಮಗಳ ಜಾಗದಲ್ಲಿ ಎದ್ದಿರುವ ಕೈಗಾರಿಕಾ ನೆಲೆಗಳಿಗೆ ಅಂತಹದೊಂದು ಒಪ್ಪಂದ ಅಸಾಧ್ಯವೇನಲ್ಲ.